ಒಂದೇ ಏಟಿನ ಟೋಪಿ

ಹೋದ ತಿಂಗಳು ತುಮಕೂರಿನ ಕಾಲೇಜೊಂದರ ವಿಜ್ಞಾನ ಪ್ರದರ್ಶನದಲ್ಲಿ ಒಬ್ಬ ಹುಡುಗಿ ನನ್ನ ಕೈಗೆ ಬೂದು ಬಣ್ಣದ ತುಂಡೊಂದನ್ನು ಕೊಟ್ಟಳು. ಮುರಿದ ಸೆಟ್ ದೋಸೆಯಂತೆ ಮೈತುಂಬ ತೂತು, ಎತ್ತಿದರೆ ಹಗುರ. ಅದರ ಹೆಸರು ಅಲ್ಯೂಮಿನಿಯಂ ನೊರೆ. ಕಾರಿನ ಮುಂಭಾಗದಲ್ಲಿಟ್ಟರೆ ಡಿಕ್ಕಿಯಾದಾಗ ತಾನು ನುಜ್ಜುಗುಜ್ಜಾಗಿ ಏಟನ್ನು ನುಂಗಿಕೊಳ್ಳುತ್ತದೆ ಎಂದು ವಿವರಿಸಿದಳು. ಎರಡನೇ ಏಟು ಬಿದ್ದರೆ ಎಂದು ಕೇಳಿದೆ. "ಆಗಲ್ಲ ಆಂಟಿ, ಹೊಸದು ಹಾಕಬೇಕು" ಎಂದಳು. ನಾನು ಅಲ್ಲೇ ಒಂದು ಕುರ್ಚಿ ಹುಡುಕಿ ಕೂತುಬಿಟ್ಟೆ...

ಎಪ್ಪತ್ತರ ದಶಕದ ಕೊನೆ. ಮದುವೆಯಾದ ಹೊಸತರಲ್ಲಿ ಮಧುಗಿರಿಯಲ್ಲಿ ಬೆಟ್ಟದ ಬುಡದ ಒಂದು ಬಾಡಿಗೆ ಮನೆಯಲ್ಲಿದ್ದೆವು. ಪಕ್ಕದ ಶೆಡ್ಡಿನಲ್ಲಿ ಎರಕದಣ್ಣ ಹಳೆಯ ಅಲ್ಯೂಮಿನಿಯಂ ಪಾತ್ರೆ ಕರಗಿಸಿ ಸೌಟು, ಮುಚ್ಚಳ ಹೊಯ್ಯುತ್ತಿದ್ದ. ಜೊತೆಗೆ ಅವನ ತಾಯಿ, ಮತ್ತು ಬಾವಿ ತೋಡುವ ಕೆಲಸಕ್ಕೆ ಹೋಗುವ ತಮ್ಮ. ತಾಯಿಯನ್ನು ನಾವೆಲ್ಲ ಅವ್ವ ಅನ್ನುತ್ತಿದ್ದೆವು. ಬಾಯಿ ಜೋರು, ಮನಸ್ಸು ಬೆಣ್ಣೆ.

ಒಮ್ಮೆ ನಾನು ಹಳೇ ಅಲ್ಯೂಮಿನಿಯಂ ರಂಗೋಲಿ ಡಬ್ಬಿಯೊಂದನ್ನು ಗುಜರಿಗೆಂದು ಕೊಟ್ಟೆ. ತಳದಲ್ಲಿ ಪುಡಿ ಗಟ್ಟಿಯಾಗಿ ಕೂತಿತ್ತು, ಉದುರಿಸುವಷ್ಟು ಪುರುಸೊತ್ತು ನನಗೆಲ್ಲಿ? ಅಣ್ಣನೂ ನೋಡದೆ ಹಾಗೇ ಕರಗಿಸಿದ. ಕುಲುಮೆಯಲ್ಲಿ ಲೋಹ ಹಾಲಿನಂತೆ ಉಕ್ಕಿತು, ಆರಿದಾಗ ಒಳಗೆಲ್ಲ ತೂತು.

"ನೋಡಮ್ಮ, ನಿನ್ ರಂಗೋಲಿ ನನ್ ಎರಕಾನ ಪಡ್ಡು ಮಾಡ್ಬುಡ್ತು" ಎಂದು ನಕ್ಕ. ಮತ್ತೆ ಕರಗಿಸೋಣವೆಂದು ಸುತ್ತಿಗೆಯಿಂದ ಬಡಿದ. ಸುತ್ತಿಗೆ ಪುಟಿಯಲಿಲ್ಲ, ತುಂಡು ಕುಗ್ಗಿತಷ್ಟೆ, ಕೆಳಗಿದ್ದ ಹೆಂಚಿನ ಚೂರಿಗೆ ಏನೂ ಆಗಲಿಲ್ಲ. ಅಣ್ಣನ ನಗು ನಿಂತಿತು. ಕಲ್ಲುಮಣ್ಣು ತುಂಬಿ ಮೇಲೆಳೆಯುವ ಮಂಕರಿಯಿಂದ ಜಾರುವ ಕಲ್ಲು ಬಾವಿಯೊಳಗಿನವರ ತಲೆ ಒಡೆದ ಸುದ್ದಿ ಆಗಾಗ ಬರುತ್ತಲೇ ಇತ್ತು. ಅವನಿಗೆ ತಮ್ಮನ ತಲೆಯದೇ ಚಿಂತೆ.

ಬೇಕೆಂದೇ ರಂಗೋಲಿ ಪುಡಿ ಬೆರೆಸಿ, ಎಷ್ಟೋ ಎರಕ ಕೆಡಿಸಿ, ಕೊನೆಗೆ ಬೋಗುಣಿಯಂಥ ಒಂದು ಟೋಪಿ ಮಾಡಿದ. ಒಳಗೆ ಗೋಣಿ ಹೊಲಿದುಕೊಟ್ಟವಳು ನಾನು. ಬೀದಿಯವರು ತಮ್ಮನನ್ನು ಆಡಿಕೊಂಡದ್ದೇ ಆಡಿಕೊಂಡದ್ದು. ಆದರೆ ಆ ಬೇಸಿಗೆ ಕೊಡಿಗೇನಹಳ್ಳಿ ಕಡೆಯ ಬಾವಿಯಲ್ಲಿ ಕಲ್ಲು ಬಿದ್ದೇಬಿಟ್ಟಿತು. ಟೋಪಿ ಒಂದು ಕಡೆ ಅಪ್ಪಚ್ಚಿಯಾಯಿತು. ತಮ್ಮ ಕತ್ತು ನೋವೆಂದುಕೊಂಡು ನಡೆದೇ ಮನೆಗೆ ಬಂದ. ಅವ್ವ ಟೋಪಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟಳು.

ಅಣ್ಣ ಅಂದೇ ಇನ್ನೊಂದು ಹೊಯ್ದ. ಶೆಡ್ಡಿನಲ್ಲಿ ನನ್ನೆದುರೇ ತಮ್ಮನಿಗೆ ಹೇಳಿದ: "ಅದು ಒಂದೇ ಏಟಿಗೆ ಕಣ್ಲಾ. ಕುಗ್ಗೋದು ಕುಗ್ಗೋಯ್ತು, ಇನ್ನ ಅದ್ರಲ್ಲೇನೂ ಇಲ್ಲ. ಇದನ್ನೇ ಹಾಕ್ಕೋ." ಅವ್ವನಿಗೆ ಮಾತ್ರ ಇದನ್ನು ಹೇಳುವುದು ಬೇಡವೆಂದ. ಇನ್ನೊಂದು ಕಲ್ಲು ಬಿದ್ದೀತು ಅಂದರೆ ಮುದುಕಿಗೆ ನಿದ್ದೆ ಬರುತ್ತದೆಯೇ? ಹಳೆಯದು ಸೊಟ್ಟಗಾಗಿದೆ, ಅದಕ್ಕೇ ಹೊಸದು ಎಂದಷ್ಟೇ ಹೇಳಿದರು.

ಅಣ್ಣ ಗುಜರಿ ತರಲು ಸಿರಾಕ್ಕೆ ಹೋಗಿದ್ದ ದಿನ, ಕೆಲಸಕ್ಕೆ ಹೊರಟ ಮಗನ ತಲೆಯಿಂದ ಹೊಸ ಟೋಪಿ ತೆಗೆದು ಅವ್ವ ದೇವರ ಗೂಡಿನದನ್ನು ಇಟ್ಟಳು. ಜೀವ ಉಳಿಸಿದ್ದನ್ನು ಮನೆಯಲ್ಲಿ ಬಿಟ್ಟು ಹೋಗಬಾರದೆಂದಳು. ಅವನು ಅದನ್ನೇ ಹಾಕಿಕೊಂಡು ಹೊರಟ. ಇದೊಂದು ದಿನ ತಾನೇ ಅಂದುಕೊಂಡನೋ ಏನೋ...

ಬಾವಿಯಲ್ಲಿ ಮತ್ತೆ ಕಲ್ಲು ಬಿದ್ದು, ಸಂಜೆ ಎತ್ತಿನ ಗಾಡಿಯಲ್ಲಿ ಅವನ ಹೆಣ ಬಂತು. ಅಣ್ಣ ಸಿರಾದಿಂದ ಬಂದವನು ಮೊದಲು ತಮ್ಮನನ್ನು ನೋಡಿದ, ಆಮೇಲೆ ಗೋಡೆಯ ಗೂಟದಲ್ಲಿ ನೇತಾಡುತ್ತಿದ್ದ ಹೊಸ ಟೋಪಿಯನ್ನು ನೋಡಿದ. ಅವ್ವ ಅವನ ಅಂಗಿ ಹಿಡಿದುಕೊಂಡಳು.

"ಮೊದ್ಲು ಕಾಪಾಡಿದ್ದು ಈಗ್ಯಾಕೆ ಕಾಪಾಡ್ಲಿಲ್ಲ? ಹೇಳ್ಲಾ."

ನನಗೆ ನಿಜ ಬಾಯಿಗೆ ಬಂದಿತ್ತು. ಅಣ್ಣ ಬೇಡವೆಂಬಂತೆ ನನ್ನ ಕಡೆ ಒಮ್ಮೆ ನೋಡಿದ.

"ನಾನೇ ಎರಕ ಸರಿಯಾಗಿ ಹೊಯ್ದಿರ್ಲಿಲ್ಲ ಕಣವ್ವ" ಎಂದ.

ಅವ್ವ ಸಾಯುವವರೆಗೂ ಅವನ ಕೈಯಿಂದ ನೀರು ಕುಡಿಯಲಿಲ್ಲ. ಅವನು ದಿನವೂ ಚೊಂಬು ತುಂಬಿ ಅವಳ ತಲೆದೆಸೆಯಲ್ಲಿಟ್ಟು ಹೋಗುತ್ತಿದ್ದ, ಅವಳು ಅದನ್ನು ಅಂಗಳಕ್ಕೆ ಚೆಲ್ಲುತ್ತಿದ್ದಳು. ಅವಳ ಬಾಯಾರಿಕೆಗೆ ನೀರು ಕೊಡುತ್ತಿದ್ದವಳು ನಾನು. ಎಷ್ಟೋ ಸಲ ಹೇಳಿಬಿಡಲೇ ಎಂದು ಅಣ್ಣನನ್ನು ಕೇಳಿದ್ದೆ. "ನನ್ ಮ್ಯಾಲೆ ಸಿಟ್ಟಿರೋದ್ರಿಂದ ಬದುಕವ್ಳೆ, ಬುಡಮ್ಮ" ಅನ್ನುತ್ತಿದ್ದ.

ಈಗ ಅವ್ವ ಇಲ್ಲ, ಅಣ್ಣನೂ ಇಲ್ಲ. ಆ ಬೀದಿಗೆ ಹೋದರೆ, ಅವನನ್ನು ಕಂಡಿದ್ದ ಒಬ್ಬಿಬ್ಬರು ಇವತ್ತಿಗೂ ಕೆಟ್ಟ ಎರಕ ಹೊಯ್ದು ತಮ್ಮನನ್ನು ಕೊಂದವನು ಎಂದೇ ಅವನನ್ನು ನೆನೆಯುತ್ತಾರೆ. ಅವನ ಎರಕ ಸರಿಯಾಗಿಯೇ ಇತ್ತು.