ಐಸಿಯಾಳಮ್ಮ

ನಮ್ಮ ಕಡೆ ಮಗು ಹುಟ್ಟಿದ ದಿನದಿಂದ ತಾಯಿಯನ್ನು ಅವಳ ಹೆಸರಿನಿಂದ ಯಾರೂ ಕೂಗುವುದಿಲ್ಲ. ನಾನು ಗಾಡ್ಲಿಸನ್ನನ ಅಮ್ಮ. ದೇವರು ಕೇಳಲಿ ಎಂದು ಇಟ್ಟ ಹೆಸರು ಅದು. ದೇವರ ಮಾತಿರಲಿ, ಆ ಮಗರಾಯನೇ ಯಾರ ಮಾತನ್ನೂ ಕೇಳುವುದಿಲ್ಲ. ಹಾಗೆಯೇ ನನ್ನ ಪಕ್ಕದ ಮನೆಯವಳು ಐಸಿಯಾಳ ಅಮ್ಮ. ಅವಳ ಸ್ವಂತ ಹೆಸರು ಫಾರಾಎಲಿ ಎಂದು ನನಗೆ ಗೊತ್ತಾದದ್ದೇ ಮೋಶಿ ಪಟ್ಟಣದ ಮಕ್ಕಳ ಮನೆಯಲ್ಲಿ, ಅಲ್ಲಿನ ಯಜಮಾನರ ಬಾಯಿಂದ.

ನಾನು ಅಲ್ಲಿ ಅಡುಗೆಯವಳು. ಅವಳ ಗಂಡ ಹರಳಿನ ಗಣಿಗೆ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಬೆಟ್ಟದ ಮೇಲಿದ್ದ ಅವಳ ಪಾಲಿನ ಬಾಳೆತೋಟವನ್ನು ಮೈದುನರು ನುಂಗಿ ನೀರು ಕುಡಿದರು. ಮಗಳಿಗೆ ಹೊಟ್ಟೆ ತುಂಬ ಗಂಜಿ, ಓದಲು ಒಂದು ಶಾಲೆ ಸಿಕ್ಕರೆ ಸಾಕೆಂದು ಅವಳು ಯಜಮಾನರ ಮುಂದೆ ನಿಂತಾಗ ನಾನೂ ಜೊತೆಗಿದ್ದೆ.

"ಇದು ತಬ್ಬಲಿ ಮಕ್ಕಳ ಮನೆ ಕಣಮ್ಮ," ಎಂದರು ಅವರು. "ತಾಯಿ ಇರೋ ಮಗೂನ ನೋಡೋಕೆ ಯಾವ ಬಿಳಿಯರು ವಿಮಾನ ಹತ್ತಿ ಬರ್ತಾರೆ? ಮಗು ಇರ್ಲಿ. ನೀನೂ ಇರು, ಬಟ್ಟೆ ಒಗಿ. ಆದ್ರೆ ಗೇಟಿನ ಒಳಗೆ ನೀನು ಅವಳಿಗೆ ಅತ್ತೆ. ತಿಳೀತಾ, ಫಾರಾಎಲಿ?"

"ಮಗೂ ಹೊಟ್ಟೆ ತುಂಬೋದಾದ್ರೆ ಅತ್ತೆ ಏನು, ಅಜ್ಜಿ ಬೇಕಾದ್ರೂ ಆಗ್ತೀನಿ," ಎಂದು ಅವಳು ನಕ್ಕಳು.

ನಗು ಅವಳಿಗೆ ಹುಟ್ಟುಗುಣ. ಚರ್ಚಿನಲ್ಲಿ ಎಲ್ಲರಿಗಿಂತ ಒಂದು ಸಾಲು ಮುಂದೆ ಹಾಡಿ, ಪಾದ್ರಿ ಗುರಾಯಿಸಿದರೂ ನಗುವವಳು. ಮಗಳಿಗೆ ಪಾಠ ಹೇಳಿಕೊಟ್ಟದ್ದೂ ನಗುತ್ತಲೇ, ಒಗೆಯುವ ಕಲ್ಲಿನ ಪಕ್ಕ ಕೂರಿಸಿಕೊಂಡು.

"ನಿನ್ನಮ್ಮ ಎಲ್ಲಿ?"

"ಸತ್ತೋದ್ಲು."

"ನಾನ್ಯಾರು?"

"ಅತ್ತೆ!"

ಸರಿಯಾಗಿ ಹೇಳಿದರೆ ಮೂಗಿನ ಮೇಲೆ ಸೋಪಿನ ನೊರೆ. ತಾಯಿ ಮಗಳು ಇಬ್ಬರೂ ಕಿಲಕಿಲ ನಗುತ್ತಿದ್ದರು. ನಾನು ಬೀನ್ಸ್ ಆರಿಸುತ್ತ ಕೂತು ನೋಡುತ್ತಿದ್ದೆ, ನನಗೂ ನಗು ಬರುತ್ತಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

ಮಕ್ಕಳನ್ನು ನೋಡಿಕೊಳ್ಳಲು ಬಿಳಿಯರ ಹುಡುಗ ಹುಡುಗಿಯರು ಬರುತ್ತಿದ್ದರು. ಹಿಂದಿನವರು ಬಳಿದ ಗೋಡೆಗೆ ಮತ್ತೆ ಬಣ್ಣ ಬಳಿದು, ಮಕ್ಕಳನ್ನು ಹೆಗಲಿಗೇರಿಸಿ ಕುಣಿಸಿ, ಮಕ್ಕಳು ಕೊರಳಿಗೆ ಜೋತುಬಿದ್ದು ಅಂಟಿಕೊಳ್ಳುವ ಹೊತ್ತಿಗೆ ಅಳುತ್ತ ಹೊರಟುಬಿಡುತ್ತಿದ್ದರು. ಕೆಟ್ಟವರಲ್ಲ. ಆ ವರ್ಷ ಬಂದ ಮರೈಕೆಯಂತೂ ಬಂಗಾರದಂಥ ಹುಡುಗಿ. ಬಿಸಿಲಿಗೆ ಮೂಗು ಸುಲಿದರೂ ಮಕ್ಕಳ ತಲೆ ತೊಳೆಯುವುದು ಬಿಡಲಿಲ್ಲ. ನಮ್ಮ ಭಾಷೆಯನ್ನು ಹಟ ಹಿಡಿದು ಕಲಿತಳು. ಐಸಿಯಾಳಿಗೆ ಅವಳ ಮಡಿಲೇ ಮನೆಯಾಯಿತು. ಒಂದು ದಿನ ಅವಳನ್ನು "ಅಮ್ಮಾ" ಎಂದು ಕೂಗಿಯೇಬಿಟ್ಟಿತು ಮಗು.

ಒಗೆಯುತ್ತಿದ್ದವಳ ಕೈ ನಿಂತಿತು. ಬಟ್ಟೆ ಹಿಂಡುತ್ತ ನನಗೆ ಹೇಳಿದಳು, "ಹೋಗ್ಲಿ ಬಿಡೆ. ಆ ಮಾತು ಬಾಯಲ್ಲಿ ರೂಢಿಯಾದ್ರೂ ಇರ್ಲಿ." ಅವತ್ತು ಅವಳು ನಗಲಿಲ್ಲ.

ಆಮೇಲೆ ಬಂದ ಶಾಯೋ ಅಜ್ಜ. ನಮ್ಮ ಬೆಟ್ಟದವನೇ, ಬಾಳೆಗೊನೆ ಮಾರುವವನು. ಗೇಟಿನೊಳಗೆ ಗಾಡಿ ತಂದವನೇ ಗಂಟಲು ಹರಿಯುವಂತೆ ಕೂಗಿದ.

"ಏಯ್ ಐಸಿಯಾಳಮ್ಮ! ಪಟ್ಟಣದ ನೀರು ಕುಡಿದು ಬೆಟ್ಟ ಮರೆತೇಬಿಟ್ಯೇನೆ?"

ತಪ್ಪು ಅವನದಲ್ಲ; ತಾಯಿಯನ್ನು ಮತ್ತೇನೆಂದು ಕೂಗಬೇಕು? ಆದರೆ ನಮ್ಮಲ್ಲಿ ಹೀಗೆ ಕರೆಯುವುದು ಮರೈಕೆಗೂ ಗೊತ್ತಿತ್ತು. ಅವಳ ಮುಖ ಅರಳಿತು.

"ನೀವು... ಐಸಿಯಾಳ ಅಮ್ಮ?"

ಜಗಲಿಯ ಮೇಲಿದ್ದ ಯಜಮಾನರು ಕೆಮ್ಮಿದರು. ಹೌದೆಂದರೆ ಮಗು ಸಂಜೆಯೊಳಗೆ ಬೀದಿಗೆ. ಅವಳು ನೊರೆಯಿಂದ ಕೈ ಎತ್ತಲಿಲ್ಲ.

"ಅಜ್ಜನಿಗೆ ಅರಳುಮರಳು. ನಾನು ಅತ್ತೆ," ಎಂದಳು.

"ಯಾರಿಗೇ ಅರಳುಮರಳು? ನಿನ್ನ ಬಾಣಂತನಕ್ಕೆ ಗೊನೆ ಹೊತ್ತು ತಂದೋನು ನಾನು..."

"ಗೊನೆ ಇಳಿಸು ಅಜ್ಜಾ, ಒಲೆ ಆರ್ತಿದೆ," ಎಂದು ನಾನು ಅವನ ತೋಳು ಹಿಡಿದು ಎಳೆದೆ.

ಮರೈಕೆ ಮಗುವಿನ ಮುಂದೆ ಮೊಣಕಾಲೂರಿದಳು. "ನಿನ್ನ ಅಮ್ಮ ಎಲ್ಲಿ, ಪುಟ್ಟಾ?"

"ಸತ್ತೋದ್ಲು," ಎಂದಳು ಐಸಿಯಾ, ತಡವರಿಸದೆ.

ಮರೈಕೆ ಅಳುತ್ತ ಅವಳನ್ನು ಅಪ್ಪಿಕೊಂಡಳು. ಆ ಹೆಗಲ ಮೇಲಿಂದ ಮಗು ತಾಯಿಯ ಮುಖ ನೋಡಿತು, ಸರಿಯಾಗಿ ಹೇಳಿದೆನಾ ಎಂಬಂತೆ. ತಾಯಿ ಹೌದೆಂದು ತಲೆಯಾಡಿಸಿದಳು. ನನಗೆ ನಿಂತಲ್ಲೇ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಐಸಿಯಾಳಮ್ಮ ನಾಚಿಕೆಯಿಂದ ತಗ್ಗಿಸಿದ ತಲೆಯನ್ನು ಮರೈಕೆ ಊರಿಗೆ ಹೊರಡುವವರೆಗೂ ಎತ್ತಲಿಲ್ಲ.

ಕ್ರಿಸ್‌ಮಸ್‌ಗೆ ನಾವು ಎಲ್ಲಿದ್ದರೂ ಬೆಟ್ಟ ಹತ್ತಿ ಊರು ಸೇರಲೇಬೇಕು. ಆ ಸಲ ಯಜಮಾನರು ಮಗುವನ್ನು "ಅತ್ತೆಯ" ಜೊತೆ ಕಳುಹಿಸಿದರು. ಮಿನಿಬಸ್ಸಿನಲ್ಲಿ ನಾವು ಒತ್ತೊತ್ತಾಗಿ ಕೂತಿದ್ದೆವು. ಪಟ್ಟಣ ಹಿಂದಾಗುತ್ತಲೇ ಅವಳು ಮಗಳ ಕಿವಿಯಲ್ಲಿ ಹೇಳಿದಳು, "ಈಗ ಅಮ್ಮ ಅನ್ನು, ಕಂದ. ಒಂದ್ಸಲ ಅನ್ನು."

ಐಸಿಯಾ ಮುಂದಿನ ಸೀಟನ್ನು ಕಣ್ಣಲ್ಲೇ ತೋರಿಸಿದಳು. ಬೆಟ್ಟ ಹತ್ತಲು ಬಂದ ಒಬ್ಬ ಬಿಳಿಯ ಅಲ್ಲಿ ತೂಕಡಿಸುತ್ತಿದ್ದ.

"ಸುಮ್ನಿರಿ ಅತ್ತೆ. ಅವ್ರಿಗೆ ಕೇಳ್ಸುತ್ತೆ."

ಅವಳು ಹೊದ್ದ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡಳು. ನಾನು ಕಿಟಕಿಯ ಕಡೆ ತಿರುಗಿದೆ. ಸಮಾಧಾನ ಹೇಳಲು ನನಗೆ ಯಾವ ಮುಖವಿತ್ತು?

ನಮ್ಮ ನಿಲ್ದಾಣದಲ್ಲಿ ಇಳಿದೆವು, ಬಸ್ಸು ಮುಂದೆ ಹೋಯಿತು. ದಾರಿಯ ಆಚೆಯಿಂದ ಓರಗಿತ್ತಿಯರು ಕೈ ಬೀಸಿ ಕೂಗಿದರು, "ಐಸಿಯಾಳಮ್ಮ! ಏ ಐಸಿಯಾಳಮ್ಮ, ಬಂದ್ಯಾ?"

ಅವಳು ಓಗೊಡಲಿಲ್ಲ. ಮಗಳ ಮುಖ ನೋಡಿದಳು. ಐಸಿಯಾ ಸುತ್ತಲೂ ಕಣ್ಣಾಡಿಸಿ, ಬಿಳಿಯರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಾಯಿಗೆ ಹೌದೆಂದು ತಲೆಯಾಡಿಸಿದಳು.