ತಂತಿಯ ಜಾಡು ಹಿಡಿದು ನಡೆಯುವಾಕೆ

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಊರಾಚೆಯ ಸಬ್‌ಸ್ಟೇಷನ್ನಿನ ಬೇಲಿಯಿಂದ ಹೊರಟ ಈಕೆ, ಉದ್ದ ಹಿಡಿಯ ಅಳತೆ ಚಕ್ರವನ್ನು ರಸ್ತೆಯ ಅಂಚಿನಲ್ಲಿ ಉರುಳಿಸುತ್ತ, ಕತ್ತು ಮೇಲೆತ್ತಿಕೊಂಡೇ ನಡೆಯುತ್ತಾರೆ. ಪ್ರತಿ ಕಂಬದ ಬುಡದಲ್ಲೂ ನಿಂತು ಪುಸ್ತಕದಲ್ಲಿ ಒಂದು ಸಾಲು ಗೀಚುತ್ತಾರೆ: ಕಂಬ ವಾಲಿದೆಯೇ, ತಂತಿ ಎಷ್ಟು ದಪ್ಪ, ಮರದ ಕೊಂಬೆ ಎಷ್ಟು ದೂರ. ನಾಯಿಯೊಂದು ಬೊಗಳುತ್ತ ಬೆನ್ನು ಹತ್ತಿದೆ. ಅವರು ತಿರುಗಿಯೂ ನೋಡುವುದಿಲ್ಲ. "ಮೂರನೇ ಕಂಬದ ತನಕ ಬರುತ್ತೆ. ಆಮೇಲೆ ಅದಕ್ಕೇ ಬೇಜಾರಾಗುತ್ತೆ."

ಇಂದಿನ ಅರ್ಜಿ ಹೊಸ ಬಿಸ್ಕತ್ತು ಕಾರ್ಖಾನೆಯದು. ಗೋಡೆ ಎದ್ದಿದೆ, ಒಲೆಗಳು ಬಂದಿವೆ, ಕರೆಂಟ್ ಬರಬೇಕು. ಅಲ್ಲಿಗೆ ಹೋಗುವ ತಂತಿ ಇನ್ನಷ್ಟು ಕರೆಂಟಿನ ಹೊರೆ ತಡೆದೀತೇ, ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗ ಉಳಿದಿದೆಯೇ, ಹೊಸ ಕಂಬ ನೆಡುವುದಾದರೆ ಎಲ್ಲಿ ಎಂದು ನೋಡಿ ವರದಿ ಬರೆಯುವುದು ಇವರ ಕೆಲಸ. ಮುಂಜಾನೆ ಒಮ್ಮೆ ನೋಡಿದ ತಂತಿಯನ್ನು ಸುಡುಮಧ್ಯಾಹ್ನ ಮತ್ತೊಮ್ಮೆ ನೋಡಲು ಬರುತ್ತಾರೆ. "ಬಿಸಿಲಿಗೆ ತಂತಿ ಜೋಲು ಬೀಳುತ್ತೆ. ತಂಪು ಹೊತ್ತಲ್ಲಿ ಅಳೆದು ಹೋದ್ರೆ ನಮಗೆ ನಾವೇ ಸುಳ್ಳು ಹೇಳ್ಕೊಂಡ ಹಾಗೆ."

ವಯಸ್ಸು ಐವತ್ತೊಂದು. ಮೊದಲು ವಿದ್ಯುತ್ ಕಚೇರಿಯೊಳಗೆ ಕೂತು ನಕ್ಷೆ ಬರೆಯುತ್ತಿದ್ದರು. ನಕ್ಷೆಯಲ್ಲಿದ್ದ ಕಂಬ ಬೀದಿಯಲ್ಲಿಲ್ಲ ಎಂಬ ತಕರಾರು ಪದೇಪದೇ ಬಂದಾಗ, ಒಂದು ದಿನ ತಾವೇ ಹೋಗಿ ನೋಡಿದರು. ಕಂಬ ನಿಜಕ್ಕೂ ಇರಲಿಲ್ಲ. ಅಂದಿನಿಂದ ಇಪ್ಪತ್ತೆರಡು ವರ್ಷ, ವಾರಕ್ಕೆ ನಾಲ್ಕು ಜಾಗ, ದಿನಕ್ಕೆ ಸುಮಾರು ಒಂಬತ್ತು ಕಿಲೋಮೀಟರ್ ನಡಿಗೆ. ವರ್ಷಕ್ಕೆ ಮೂರು ಜೊತೆ ಬೂಟು ಸವೆಯುತ್ತವೆ. ಮಗಳು ಚಿಕ್ಕವಳಿದ್ದಾಗ ಶಾಲೆಗೆ ತಯಾರು ಮಾಡಿದ್ದೆಲ್ಲ ಗಂಡ. ಅವರು ಗಡಿಯಾರ ರಿಪೇರಿ ಮಾಡುತ್ತಾರೆ. "ಇಬ್ಬರಲ್ಲಿ ಒಬ್ಬರಾದ್ರೂ ಒಂದು ಕಡೆ ಕೂರಬೇಕಲ್ಲ," ಎಂದು ಅವರು ಅಂಗಡಿಯೊಳಗಿಂದಲೇ ಹೇಳುತ್ತಾರೆ.

ಬಂದ ಅರ್ಜಿಗಳಲ್ಲಿ ಮೂರರಲ್ಲಿ ಒಂದಕ್ಕೆ ಇವರ ಉತ್ತರ 'ಸಾಧ್ಯವಿಲ್ಲ'. ಹಾಗಾಗಿ ಕಚೇರಿಯಲ್ಲಿ ಇವರಿಗೆ 'ಅಡ್ಡಗಾಲಕ್ಕ' ಎಂಬ ಹೆಸರು ಬಿದ್ದಿದೆ. ಒಮ್ಮೆ ಒಂದು ಗೋದಾಮಿನವರು ಗೇಟಿಗೆ ಬೀಗ ಜಡಿದು, ಆಗುತ್ತೆ ಎಂದು ಬರೆದರೆ ಬಿಡುತ್ತೇವೆ ಎಂದು ಎರಡು ಗಂಟೆ ಕೂರಿಸಿದ್ದರಂತೆ. "ಬಾಟಲಿಯಲ್ಲಿ ನೀರಿತ್ತು, ನೆರಳಿತ್ತು. ಬಾಕಿ ಇದ್ದ ಹಳೇ ವರದಿ ಮುಗಿಸ್ದೆ."

ಎರಡು ವರ್ಷದ ಹಿಂದೆ ಬಂದ ಅರ್ಜಿ ಮಾತ್ರ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಊರಿನ ತುದಿಯಲ್ಲಿ ವೈದ್ಯರೊಬ್ಬರು ಎಂಟು ಯಂತ್ರಗಳ ಡಯಾಲಿಸಿಸ್ ಕೇಂದ್ರ ಕಟ್ಟಿಸಿದ್ದರು. ಆ ಕಡೆ ಹೋಗುವ ತಂತಿಯ ಹೊರೆ ಪುಸ್ತಕದ ಪ್ರಕಾರ ಭರ್ತಿಯಾಗಿತ್ತು. ಆ ಸಲ ನಡೆದು ನೋಡದೆ, ಪುಸ್ತಕ ನಂಬಿ ಇವರು 'ಸಾಧ್ಯವಿಲ್ಲ' ಎಂದು ಬರೆದರು. ಮರುದಿನವೇ ವೈದ್ಯರು ಇವರ ಮೇಜಿನ ಮುಂದೆ ಬಂದು ನಿಂತರು.

"ಕೂತು ಬರೆಯೋದು ಸುಲಭ ಕಣಮ್ಮ. ನನ್ನ ರೋಗಿಗಳು ವಾರಕ್ಕೆ ಮೂರು ಸಲ ಎರಡೂವರೆ ಗಂಟೆ ಬಸ್ಸಲ್ಲಿ ಹೋಗಿ ಬರ್ತಾರೆ."

"ಆಗುತ್ತೆ ಅಂತ ಬರೆದ್ರೆ ನಾಳೆ ದೀಪ ಹತ್ತುತ್ತೆ ಡಾಕ್ಟ್ರೇ," ಎಂದರು ಇವರು. "ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ಸ್ವಿಚ್ ಹಾಕಿದಾಗ ನಿಮ್ಮ ಮಿಷನ್ ಕೈಕೊಡುತ್ತೆ. ಆಗ ರೋಗಿ ರಕ್ತ ಪೈಪಲ್ಲಿರುತ್ತೆ."

ವೈದ್ಯರು ಹೊರಟುಹೋದರು. ಆದರೆ ಆ ಬಸ್ಸಿನ ಮಾತು ಇವರ ತಲೆಯಿಂದ ಇಳಿಯಲಿಲ್ಲ. ವಾರದ ರಜೆಯ ದಿನ, ಹಳೆಯ ಲೈನ್‌ಮನ್ ಒಬ್ಬರನ್ನು ಕರೆದುಕೊಂಡು ಅದೇ ತಂತಿಯ ಜಾಡು ಹಿಡಿದರು. ನಲವತ್ತೊಂದನೇ ಕಂಬದಿಂದ ಒಂದು ಕವಲು ಎಡಕ್ಕೆ ಹೊರಳಿ, ತುಕ್ಕು ಹಿಡಿದ ಗೇಟಿನ ಒಳಗೆ ಹೋಗಿತ್ತು. ಅದು ಮುಚ್ಚಿಹೋದ ಮಂಜುಗಡ್ಡೆ ಕಾರ್ಖಾನೆ.

"ಇದು ಸತ್ತು ಹನ್ನೊಂದು ವರ್ಷ ಆಯ್ತಲ್ಲಕ್ಕ," ಎಂದರು ಲೈನ್‌ಮನ್.

"ನಮ್ಮ ಪುಸ್ತಕದಲ್ಲಿ ಇನ್ನೂ ಬದುಕಿದೆ," ಎಂದರು ಇವರು.

ಕಾರ್ಖಾನೆಗೆಂದು ಕಾದಿರಿಸಿದ ಹೊರೆಯನ್ನು ಯಾರೂ ಬಿಡಿಸಿರಲಿಲ್ಲ. ಮುಂದಿನ ಹತ್ತು ಸಂಜೆ ಸಬ್‌ಸ್ಟೇಷನ್ನಿಗೆ ಹೋಗಿ ಮೀಟರ್ ನೋಡಿದರು. ಭರ್ತಿ ಎಂದಿದ್ದ ತಂತಿಯಲ್ಲಿ ಕಾಲು ಭಾಗ ಖಾಲಿಯಿತ್ತು. ಬೇರೆ ಊರು ಸೇರಿದ್ದ ಮಾಲೀಕರ ವಿಳಾಸ ಪತ್ತೆ ಮಾಡಿ, ಹೊರೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ತರಿಸುವಷ್ಟರಲ್ಲಿ ಐದು ತಿಂಗಳು ಕಳೆದವು. ನಡುವೆ ಮೇಲಧಿಕಾರಿಯಿಂದ ಒಂದು ನೋಟಿಸೂ ಬಂತು. ಅನುಮತಿ ಇಲ್ಲದೆ ರಜೆಯ ದಿನ ಕೆಲಸ ಮಾಡಿದ್ದೇಕೆ ಎಂದು ವಿವರಣೆ ಕೇಳಿದ್ದರು. "ವಾಕಿಂಗ್ ಹೋಗಿದ್ದೆ ಅಂತ ಬರೆದುಕೊಟ್ಟೆ. ಸುಳ್ಳೇನಲ್ಲ."

ಎರಡನೇ ವರದಿಯಲ್ಲಿ 'ಸಾಧ್ಯ' ಎಂದು ಬರೆದು, ಕೊನೆಯ ಹದಿನಾಲ್ಕು ಕಂಬಗಳ ತೆಳು ತಂತಿ ಬದಲಿಸಬೇಕೆಂಬ ಷರತ್ತು ಹಾಕಿದರು. ತಂತಿ ಬದಲಾಯಿತು. ಈಗ ಎಂಟು ಯಂತ್ರಗಳೂ ಓಡುತ್ತಿವೆ. ಮೂವತ್ತೊಂದು ಮಂದಿಗೆ ಆ ದೂರದ ಬಸ್ ಪ್ರಯಾಣ ತಪ್ಪಿದೆ. ಅಂದು ದನಿ ಏರಿಸಿದ್ದಕ್ಕೆ ಕ್ಷಮಿಸಿ ಎನ್ನಲು ವೈದ್ಯರು ಮತ್ತೆ ಕಚೇರಿಗೆ ಬಂದಿದ್ದರು. ನೀವು ಬೈದದ್ದಕ್ಕೇ ನಾನು ನಡೆದದ್ದು ಎಂದು ಇವರು ಅವರಿಗೆ ಚಹಾ ತರಿಸಿದರಂತೆ.

ಕೇಂದ್ರದ ಒಳಗೆ ಇವರು ಈವರೆಗೆ ಕಾಲಿಟ್ಟಿಲ್ಲ. ಶುರುವಾದ ವಾರ ಒಂದು ಸಂಜೆ ಏಳಕ್ಕೆ ಹೋಗಿ, ಹೊರಗಿನ ಟ್ರಾನ್ಸ್‌ಫಾರ್ಮರ್ ಬಳಿ ನಿಂತು ಬಂದಿದ್ದಾರೆ, ಅಷ್ಟೆ. "ವೋಲ್ಟೇಜ್ ಸರಿಯಾಗಿತ್ತು. ಮನೆಗೆ ಹೋದೆ."

ಮಂಡಿ ನೋವು ಜಾಸ್ತಿಯಾಗಿದೆ. ನಿವೃತ್ತಿಗೆ ಒಂಬತ್ತು ವರ್ಷವಿದೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಚೀಲದಿಂದ ವರದಿಯ ನಮೂನೆ ತೆಗೆದು ಕೊನೆಯ ಪುಟ ತೋರಿಸುತ್ತಾರೆ.

"ಇಲ್ನೋಡಿ, ಸಾಧ್ಯ, ಸಾಧ್ಯವಿಲ್ಲ ಅಂತ ಎರಡೇ ಖಾನೆ. 'ಇನ್ನೊಮ್ಮೆ ನೋಡಬೇಕು' ಅಂತ ಕೆಳಗೆ ಇನ್ನೊಂದು ಹಾಕ್ಸಿದ್ರೆ ಸಾಕು. ಜಾಗ ಇದೆ, ಅಳೆದು ನೋಡಿದೀನಿ."