ಒಣ ಕಾರ್ಡು

ಅವರ ಬಲಗೈಯ ತೋರುಬೆರಳು ನಡುಗೆಣ್ಣಿಗೇ ಮುಗಿಯುತ್ತಿತ್ತು. ಆ ಮೊಂಡು ಬೆರಳನ್ನೇ ಚಾಚಿ ಆಟಗಾರರನ್ನು ಕರೆಯುತ್ತಿದ್ದರು. ಅದು ಯಾರನ್ನು ತೋರಿಸುತ್ತಿದೆ ಎಂದು ತಿಳಿಯದೆ ಇಬ್ಬರು ಮೂವರು ಒಟ್ಟಿಗೇ ಎದ್ದು ನಿಲ್ಲುತ್ತಿದ್ದರು. "ಒಬ್ಬನ್ನ ಕರದ್ರ ಪಲಟಣನ ಏಳ್ತದಲ್ಲೋ. ಕೂಡ್ರಿ, ಕೂಡ್ರಿ," ಎಂದು ಗದರುತ್ತಿದ್ದರು. ತಂತಿಯ ಯಂತ್ರ ತಿಂದ ಬೆರಳು ಎಂಬುದಷ್ಟೇ ನಮಗೆ ಗೊತ್ತಿತ್ತು. ಹೇಗೆ ಎಂದು ಯಾರೂ ಕೇಳಿರಲಿಲ್ಲ.

ಭಾಂಡುಪಿನ ಒಂದು ತಂತಿ ಕಾರ್ಖಾನೆಯಲ್ಲಿ ಅವರು ಮೇಸ್ತ್ರಿ. ಬಿಜಾಪುರದ ಕಡೆಯವರು. ಕಾರ್ಖಾನೆಯ ಫುಟ್‌ಬಾಲ್ ತಂಡ ಕಟ್ಟಿದವರೂ ಅವರೇ. ಮ್ಯಾನೇಜರನ್ನು ಬಿಟ್ಟರೆ ಎಲ್ಲರಿಗೂ ಅವರು ಕಾಕಾ. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ, ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅಲ್ಲಿನ ಟೈಮ್ ಆಫೀಸಿಗೆ ಗುಮಾಸ್ತನಾಗಿ ಸೇರಿದೆ. ಕೆಲಸಗಾರರು ಒಳಗೆ ಬರುವಾಗ ತಂತಮ್ಮ ಕಾರ್ಡನ್ನು ಗಡಿಯಾರದ ಯಂತ್ರಕ್ಕೆ ತೂರಿಸಿ ಹೊತ್ತು ಒತ್ತಿಸಬೇಕು. ಆ ಕಾರ್ಡುಗಳ ಕಾವಲು ನನ್ನದು.

ಆಗಲೂ ಡೈರಿ ಬರೆಯುತ್ತಿದ್ದೆ. ಆದರೆ ನಾನು ಹೇಳಹೊರಟ ಶನಿವಾರದ ಪುಟದಲ್ಲಿ ಇರುವುದು ಮೂರೇ ಪದ: "ಮಳೆ. ಮ್ಯಾಚು. ತಲೆನೋವು." ಉಳಿದದ್ದನ್ನು ನೆನಪಿನಿಂದ ತೆಗೆಯಬೇಕಾಗಿದೆ. ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆಂದು ನನಗೆ ಗೊತ್ತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಆ ದಿನ ತಪ್ಪು ಮಾಡಿದವನು ನಾನು.

ಕಾಕಾ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಜಪಾನಿನ ಒಂದು ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಅವರಿಗೆ ಬಾಯಿಪಾಠ. ಹೊಸ ಯಂತ್ರ ಕೂಡಿಸಲು ಆ ದೇಶದ ಒಬ್ಬ ಇಂಜಿನಿಯರ್ ಬಂದು ಹತ್ತು ತಿಂಗಳು ಇದ್ದ. ತನ್ನೂರಿನ ತಂತಿ ಕಾರ್ಖಾನೆಯ ತಂಡದಲ್ಲಿ ಆಡಿದವನು. ಅವನ ಇಂಗ್ಲಿಷೂ ಕಾಕಾನ ಇಂಗ್ಲಿಷೂ ಸೇರಿಸಿದರೆ ಐವತ್ತು ಪದವಾದೀತು. ಆದರೂ ಸಂಜೆ ಮೈದಾನದ ಕಟ್ಟೆಯ ಮೇಲೆ ಕುಳಿತು ಅವನು ಹೇಳಿದ್ದನ್ನೆಲ್ಲ ಇವರು ತುಂಬಿಕೊಂಡರು. ಹೋಗುವಾಗ ಅವನು ಕ್ಲಬ್ಬಿನ ಚರಿತ್ರೆಯ ತೆಳು ಪುಸ್ತಕವೊಂದನ್ನು ಕೊಟ್ಟುಹೋದ. ಚಿಮಣಿಯ ಮುಂದೆ ಹನ್ನೊಂದು ಜನ ನಿಂತ ಚಿತ್ರ ಬಿಟ್ಟರೆ ನಮಗೆ ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ.

ಕ್ಯಾಂಟೀನಿನಲ್ಲಿ ಚಹಾದ ಹೊತ್ತಿಗೆ ಕಾಕಾ ಪುರಾಣ ಬಿಚ್ಚುತ್ತಿದ್ದರು. ಆ ಊರಿನ ಕೆಲಸಗಾರರು ಹಳೇ ಯಂತ್ರದ ಚರ್ಮದ ಪಟ್ಟಾ ಹರಿದು ಮೊದಲ ಚೆಂಡು ಹೊಲಿದದ್ದು. ಊರ ಮಾಸ್ತರರ ತಂಡದ ಕೈಯಲ್ಲಿ ವರ್ಷಗಟ್ಟಲೆ ಸೋತದ್ದು. ಯುದ್ಧದ ಕಾಲಕ್ಕೆ ಮೈದಾನವೇ ಗೆಣಸಿನ ಹೊಲವಾದದ್ದು.

"ಯುದ್ಧ ಮುಗಿದ ಮ್ಯಾಲ ಉಳದಾವ್ರು ಏಳೇ ಮಂದಿ. ಗೆಣಸು ಕಿತ್ರು, ಅಲ್ಲೇ ಕುದಿಸಿ ತಿಂದ್ರು, ಆಮ್ಯಾಲ ಸುಣ್ಣದ ಗೆರಿ ಹೊಡದ್ರು. ನಿಮಗ ವಡಾ ಪಾವ್ ತಿಂದ್ರೂ ಓಡಾಕ ಆಗೂದಿಲ್ಲ."

"ಕಾಕಾ, ಗೆಣಸು ತರಿಸ್ರಿ, ನಾವೂ ಓಡ್ತೀವಿ," ಎಂದು ಯಾರಾದರೂ ಕೆಣಕುತ್ತಿದ್ದರು.

ನಗು ಮುಗಿದ ಮೇಲೆ ಆ ಕ್ಲಬ್ಬಿನ ನಿಯಮ ಬರುತ್ತಿತ್ತು: ಪಾಳಿಗೆ ತಡವಾಗಿ ಬಂದವನು ಆ ದಿನ ಆಡುವಂತಿಲ್ಲ. ಕಾರಣ ಏನೇ ಇರಲಿ. ನಮ್ಮ ತಂಡಕ್ಕೂ ಅದೇ ನಿಯಮ. ಜಪಾನಿನದು ಎಂದ ಮೇಲೆ ಯಾರೂ ಎದುರಾಡುತ್ತಿರಲಿಲ್ಲ.

ನಮ್ಮ ರೈಟ್ ವಿಂಗಿನವನು ಧಾರಾವಿಯಿಂದ ಬರುತ್ತಿದ್ದ. ಅವನೂ ಬಿಜಾಪುರದ ಕಡೆಯವನೇ, ಬದಲಿ ಕೆಲಸಗಾರ. ರಜೆ ಹಾಕಿದವರ ಜಾಗದಲ್ಲಿ ನಿಲ್ಲುವವನು. ಜಾಗ ಖಾಲಿ ಇಲ್ಲದ ದಿನ ಗೇಟಿನಿಂದಲೇ ವಾಪಸು. ಹೆಂಡತಿಗೆ ಎಂಟು ತಿಂಗಳು ತುಂಬಿತ್ತು. ಕಾರ್ಖಾನೆಗಳ ನಡುವಿನ ಪಂದ್ಯದಲ್ಲಿ ಆ ವರ್ಷ ಮೊದಲ ಸಲ ಫೈನಲ್ ತಲುಪಿದ್ದೆವು. ಕಪ್ ಬಂದರೆ ಅವನನ್ನು ಪರ್ಮನೆಂಟ್ ಮಾಡುತ್ತೇನೆಂದು ಮ್ಯಾನೇಜರ್ ಎಲ್ಲರೆದುರು ಹೇಳಿದ್ದರು. ಕಾಕಾ ನನ್ನನ್ನು ಕರೆದು, "ಕ್ಲಾರ್ಕ್ ಸಾಹೇಬ್ರ, ನೀವು ಓದಿದಾವ್ರು. ನಮ್ಮ ಕ್ಲಬ್ಬಿಂದೂ ಒಂದು ಚರಿತ್ರೆ ಬರೀರಿ," ಎಂದಿದ್ದರು. ಎರಡು ವಹಿ ತುಂಬಿಸಿದ್ದೆ. ಕಪ್ ಗೆದ್ದ ಕೊನೆಯ ಪುಟವಷ್ಟೇ ಬಾಕಿ.

ಫೈನಲ್ ದಿನ ಬೆಳಗಿನಿಂದಲೇ ಮಳೆ. ಕುರ್ಲಾದಲ್ಲಿ ಹಳಿಗಳ ಮೇಲೆ ನೀರು, ರೈಲುಗಳು ತಡ. ಏಳಕ್ಕೆ ಮೊದಲ ಪಾಳಿ. ಜನ ತೊಯ್ದು ತೊಪ್ಪೆಯಾಗಿ ಬಂದು ಕಾರ್ಡು ಒತ್ತಿಸಿ ಹೋಗುತ್ತಿದ್ದರು. ಏಳಕ್ಕೆ ಐದು ನಿಮಿಷವಿದ್ದಾಗಲೂ ರೈಟ್ ವಿಂಗಿನವನಿಲ್ಲ. ಗಡಿಯಾರದ ಬಳಿ ಬೇರೆ ಯಾರೂ ಇರಲಿಲ್ಲ. ಅವನ ಕಾರ್ಡು ತೆಗೆದು ಯಂತ್ರಕ್ಕೆ ತೂರಿಸಿದೆ.

ಅವನ ಹೆಂಡತಿಯ ನೆನಪಾಗಿ ಹಾಗೆ ಮಾಡಿದೆ ಎಂದು ಬಹಳ ವರ್ಷ ನಂಬಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ನನಗೆ ಆ ಕೊನೆಯ ಪುಟ ಬೇಕಾಗಿತ್ತೋ ಏನೋ.

ಅವನು ಬಂದದ್ದು ಏಳೂ ನಲವತ್ತಕ್ಕೆ. ಕಾರ್ಡಿನಲ್ಲಿ ಆಗಲೇ ಹೊತ್ತು ಬಿದ್ದದ್ದು ನೋಡಿದ, ನನ್ನ ಮುಖ ನೋಡಿದ, ಕೈಜೋಡಿಸಿ ಒಳಗೆ ಓಡಿದ. ಒಬ್ಬರ ಕಾರ್ಡನ್ನು ಇನ್ನೊಬ್ಬರು ಒತ್ತಿದ್ದು ಬಯಲಾದರೆ ಇಬ್ಬರೂ ಮನೆಗೆ. ಅದು ಇಬ್ಬರಿಗೂ ಗೊತ್ತಿತ್ತು.

ಹತ್ತು ನಿಮಿಷದಲ್ಲಿ ಕಾಕಾ ಬಂದರು. ಏನೂ ಕೇಳದೆ ಅವನ ಕಾರ್ಡು ತೆಗೆದರು. ಆ ಬೆಳಿಗ್ಗೆ ಎಲ್ಲರ ಕಾರ್ಡೂ ಒದ್ದೆ ಕೈ ತಾಗಿ ಮೆತ್ತಗಾಗಿದ್ದವು, ಶಾಯಿ ಹರಡಿತ್ತು. ಅವನದೊಂದೇ ಗರಿಗರಿಯಾಗಿತ್ತು. ಮೊಂಡು ಬೆರಳಿನಿಂದ ಅದನ್ನು ಮೆಲ್ಲಗೆ ಉಜ್ಜಿದರು, ಪಕ್ಕದ ಕಾರ್ಡನ್ನೂ ಮುಟ್ಟಿ ನೋಡಿದರು, ಎರಡನ್ನೂ ಇದ್ದಲ್ಲೇ ಇಟ್ಟು ಹೋದರು. ಮೂರು ಗಂಟೆಗೆ ಪಾಳಿ ಬಿಡುವ ತನಕ, ಬಾಗಿಲ ಸದ್ದಾದಾಗಲೆಲ್ಲ ಮ್ಯಾನೇಜರ ಜವಾನನೇ ಬಂದನೆಂದು ಪೆನ್ನು ಕೆಳಗಿಟ್ಟು ಏಳುತ್ತಿದ್ದೆ.

ಯಾರೂ ಬರಲಿಲ್ಲ. ನಾಲ್ಕಕ್ಕೆ ಮೈದಾನದ ಅಂಚಿನಲ್ಲಿ ಕಾಕಾ ಹೆಸರು ಓದಿದರು. ಹತ್ತು ಹೆಸರಾದ ಮೇಲೆ ರೈಟ್ ವಿಂಗಿಗೆ ನಲವತ್ತರ ಸ್ಟೋರ್‌ಕೀಪರನ ಹೆಸರು ಹೇಳಿದರು.

"ಕಾಕಾ, ಯೇ ಕ್ಯಾ ಮಜಾಕ್ ಹೈ?" ಎಂದ ಕ್ಯಾಪ್ಟನ್. "ಅವನ ಕಾರ್ಡು ಟೈಮಿಗೇ ಐತಿ. ನಾನೇ ನೋಡೀನಿ."

"ನನ್ನ ಮರ್ಜಿ."

"ನಿಮ್ಮ ತಂಗಿ ಮಗನೂ ಬದಲಿ ಲಿಸ್ಟಿನಾಗ ಅದಾನಲ್ಲ," ಎಂದಿತು ಹಿಂದಿನಿಂದ ಒಂದು ದನಿ. "ಇವ ಪರ್ಮನೆಂಟ್ ಆದ್ರ ಒಂದು ಜಾಗಾ ಕಮ್ಮಿ ಆಗ್ತದಂತ ಹೊಟ್ಟಿಯುರಿ."

ಕಾಕಾ ಸೀಟಿಯ ದಾರ ಬೆರಳಿಗೆ ಸುತ್ತುತ್ತ ನಿಂತರು. ಕಾರ್ಡಿನ ನಿಜ ಗೊತ್ತಿದ್ದವರು ಅಲ್ಲಿ ಮೂವರು. ಕಾಕಾ ಬಾಯಿ ಬಿಟ್ಟಿದ್ದರೆ ಅವರ ಮಾನ ಉಳಿಯುತ್ತಿತ್ತು, ನಮ್ಮಿಬ್ಬರ ಕೆಲಸ ಹೋಗುತ್ತಿತ್ತು. ನಾನು ಬಿಟ್ಟಿದ್ದರೂ ಆಗುತ್ತಿತ್ತು. ನಾನು ಬಿಡಲಿಲ್ಲ.

ಅವನು ಬೂಟು ಬಿಚ್ಚದೆ ಗೆರೆಯ ಹೊರಗೆ ಕೆಸರಿನಲ್ಲಿ ಕುಳಿತ. ಅವನ ಕೆಲಸವೇ ಪಣವಾಗಿದ್ದ ಪಂದ್ಯವನ್ನು ಅವನಿಲ್ಲದೆ ಆಡುತ್ತಿದ್ದರು. ಕೊನೆಯ ಹತ್ತು ನಿಮಿಷದ ತನಕ ಯಾರಿಗೂ ಗೋಲಿಲ್ಲ. ಆಗ ಚೆಂಡು ಸ್ಟೋರ್‌ಕೀಪರನ ಕಾಲಿಗೆ ಬಂತು, ಎದುರಿಗೆ ಗೋಲು ಬರಿದಾಗಿತ್ತು. ಗೆರೆಯಾಚೆ ಕುಳಿತವನ ಬಲಗಾಲು ತಾನಾಗಿ ಮುಂದಕ್ಕೆ ಝಾಡಿಸಿತು. ಸ್ಟೋರ್‌ಕೀಪರ್ ಜಾರಿ ಬಿದ್ದ. ಚೆಂಡು ಕೆಸರಿನಲ್ಲಿ ನಿಂತಿತು, ಎದುರು ತಂಡದವರು ಅದನ್ನು ಮುಂದಕ್ಕೆ ಒದ್ದರು, ಆ ಓಟದಲ್ಲೇ ನಮಗೆ ಗೋಲು ಹೊಡೆದು ಕಪ್ ಒಯ್ದರು.

ಎಲ್ಲರೂ ಹೋದ ಮೇಲೆ ಕಾಕಾ ನನ್ನನ್ನು ಕ್ಯಾಂಟೀನಿನ ಹಿಂದೆ ಕರೆದರು. ಬೈಯುತ್ತಾರೆ ಎಂದುಕೊಂಡಿದ್ದೆ.

"ತಂತಿ ಎಳಿಯೂ ಯಂತ್ರಕ್ಕ ಎಷ್ಟು ಮಂದಿ ಬೇಕು?" ಎಂದರು.

"ಇಬ್ಬರು ಕಾಕಾ. ಒಬ್ಬ ತಂತಿ ಬಿಡಾಕ, ಒಬ್ಬ ಸ್ವಿಚ್ಚಿಗೆ, ಕೈ ಸಿಕ್ಕರ ಬಂದ್ ಮಾಡಾಕ."

"ಇಬ್ಬರದೂ ಕಾರ್ಡು ಒತ್ತೇದ ಅಂದ್ರ ಸೂಪರ್‌ವೈಜರ್ ಯಂತ್ರ ಸುರು ಮಾಡಸ್ತಾನ. ಮುಂಜಾನಿ ಸುರು ಮಾಡಿಸಿದ. ಇವನ ಜೋಡಿದಾರ ಒಬ್ಬನ ತಂತಿ ಬಿಡಾಕತ್ತಿದ್ದ, ಸ್ವಿಚ್ಚಿಗೆ ಯಾರೂ ಇಲ್ಲ. ನಾ ಹೋಗಿ ನಿಂತೆ, ಇವ ಬರೂತನಕ." ಕೈ ಮೇಲೆತ್ತಿ ಮೊಂಡು ಬೆರಳು ತೋರಿಸಿದರು. "ನಂದು ಹೋದ ದಿನ ಯಾರೂ ಬಂದು ನಿಂತಿರಲಿಲ್ಲ. ನನ್ನ ಜೋಡಿದಾರ ತಡಾ ಮಾಡಿದ್ದ. ಅವನ ಕಾರ್ಡು ಒಬ್ಬ ಪುಣ್ಯಾತ್ಮ ಒತ್ತಿದ್ದ. ಅವನೂ ನಿನ್ನಂಗ ಒಳ್ಳೆ ಮನಿಶಾನ."

ನಾನು ಕೇಳಿದೆ, "ಜಪಾನಿನವರ ನಿಯಮಾನೂ ಇದಕ್ಕೇ ಏನು?"

"ಅವರಲ್ಲಿ ಅಂಥ ನಿಯಮ ಇಲ್ಲೋ ತಮ್ಮಾ. ನಾ ಹುಟ್ಟಿಸಿದ್ದು. ನನ್ನ ಬೆರಳಿನ ಮಾತು ಯಾರು ಕೇಳ್ತಾರ? ಜಪಾನ್ ಅಂದ್ರ ಕೇಳ್ತಾರ." ಬೀಡಿ ಹಚ್ಚಲು ನೋಡಿದರು, ಕಡ್ಡಿ ತೊಯ್ದಿತ್ತು. "ಗೆಣಸಿಂದು ಮಾತ್ರ ಖರೇ ಅದ."

ಚರಿತ್ರೆಯ ವಹಿಗಳನ್ನು ನಾನು ಮುಂದುವರಿಸಲಿಲ್ಲ. ಧಾರಾವಿಯವನು ಬದಲಿಯಾಗಿಯೇ ಉಳಿದ. ಮಗಳು ಹುಟ್ಟಿದ ವಾರದಲ್ಲಿ ನಾಲ್ಕು ದಿನ ಗೇಟಿನಿಂದ ವಾಪಸು ಹೋದ. ಕಾರ್ಡುಗಳು ನನ್ನೆದುರೇ ಇದ್ದುದರಿಂದ ಎಣಿಕೆ ನನಗೆ ತಪ್ಪುವಂತಿರಲಿಲ್ಲ. ಕಾಕಾನ ತಂಗಿ ಮಗನ ಮಾತು ಕ್ಯಾಂಟೀನಿನಲ್ಲಿ ಎರಡು ವರ್ಷ ಓಡಾಡಿತು. ಕಾಕಾ ಅದನ್ನು ಕೇಳುತ್ತಲೇ ಚಹಾ ಕುಡಿಯುತ್ತಿದ್ದರು.

ನಿವೃತ್ತಿಯಾಗುವ ಕೆಲಸಗಾರ ತನ್ನ ಪರ್ಮನೆಂಟ್ ಜಾಗಕ್ಕೆ ಮನೆಯವರೊಬ್ಬರ ಹೆಸರು ಬರೆದುಕೊಡಬಹುದೆಂಬ ವಾಡಿಕೆ ಅಲ್ಲಿತ್ತು. ಮಗನದೋ ಅಳಿಯನದೋ ಹೆಸರು ಬರೆಯುತ್ತಿದ್ದರು. ಕಾಕಾ ತಮ್ಮ ಫಾರ್ಮು ತುಂಬಿಸಲು ನನ್ನ ಬಳಿ ಬಂದರು. ತಂಗಿಯ ಮಗನ ಹೆಸರು ಬರೆಯಲು ಪೆನ್ನು ಎತ್ತಿದ್ದೆ. ಅವರು ಹೇಳಿದ್ದು ಧಾರಾವಿಯವನ ಹೆಸರು.

"ಸಂಬಂಧ ಅಂತ ಒಂದು ಕಾಲಂ ಅದ ಕಾಕಾ. ಸೋದರಳಿಯ ಅಂತ ಬರೀಲಿ?"

"ಬ್ಯಾಡ. ಇವನ ಹೆಸರಿನ ಮ್ಯಾಲ ನೀ ಒಮ್ಮೆ ಸುಳ್ಳು ಒತ್ತೀದಿ, ಸಾಕು."

ಆ ಕಾಲಂ ಖಾಲಿಯೇ ಹೋಯಿತು. ಮ್ಯಾನೇಜರ್ ಅದನ್ನು ಕೇಳಿದರೋ ಇಲ್ಲವೋ ತಿಳಿಯದು. ಸಹಿಯಂತೂ ಬಿತ್ತು. ತಂಗಿ ಆಮೇಲೆ ಕಾಕಾನ ಮನೆಗೆ ಕಾಲಿಡಲಿಲ್ಲ ಎಂದು ಕೇಳಿದ್ದೇನೆ.

ಅವರು ಊರಿಗೆ ಹೋದರು. ಜಪಾನಿನ ಪುಸ್ತಕ ನನ್ನ ಮೇಜಿನ ಮೇಲೆ ಬಿಟ್ಟುಹೋಗಿದ್ದರು. ಮರುವರ್ಷ ಮಳೆಗಾಲದ ಮೊದಲ ವಾರ, ಎದೆನೋವಿನಿಂದ ತೀರಿಕೊಂಡರೆಂದು ಕಾರ್ಖಾನೆಯ ವಿಳಾಸಕ್ಕೆ ಕಾಗದ ಬಂತು. ಅದು ಬಂದ ಮರುದಿನ ಬೆಳಿಗ್ಗೆಯೂ ಕುರ್ಲಾದಲ್ಲಿ ನೀರು ನಿಂತಿತ್ತು. ಏಳು ಹೊಡೆದ ಮೇಲೆ ಕಾರ್ಡುಗಳ ಸಾಲಿನ ಮುಂದೆ ನಿಂತು, ಪರ್ಮನೆಂಟ್ ಕೆಲಸಗಾರರ ಬದಿಯಲ್ಲಿದ್ದ ಧಾರಾವಿಯವನ ಕಾರ್ಡನ್ನು ಹೊರಗೆಳೆದೆ. ಆರೂ ಮೂವತ್ತೈದು. ಶಾಯಿ ಹರಡಿತ್ತು. ಬೆರಳಿನಿಂದ ಮುಟ್ಟಿ ನೋಡಿದೆ, ಒದ್ದೆಯಾಗಿತ್ತು.